ಕೇಳಿದರೆಂದು ಹೇಳಿದವಳು

ಹುಬ್ಬಳ್ಳಿ ದೇಶಪಾಂಡೆ ನಗರದ ಆ ಮೂರು ಮಹಡಿಯ ಬಟ್ಟೆ ಅಂಗಡಿಯನ್ನು ಒಮ್ಮೆಯಾದರೂ ಹತ್ತಿ ಇಳಿದವರಿಗೆ ಎರಡನೇ ಮಹಡಿಯ ಜಯಕ್ಕ ಗೊತ್ತು. ಗಿಡ್ಡ ಹೆಂಗಸು, ನಲವತ್ತೇಳರ ವಯಸ್ಸು, ಕಿವಿಯ ಮೇಲೆ ಸದಾ ಒಂದು ಬಾಲ್‌ಪೆನ್ನು. ಮದುವೆ ಸೀರೆ ಕೊಳ್ಳಲು ಬಂದ ಹದಿನಾಲ್ಕು ಜನರ ದಂಡಿನಲ್ಲಿ ಆರಿಸುವವರು ಯಾರು, ಬರೀ ಮೂಗು ಮುರಿಯಲು ಬಂದವರು ಯಾರು ಎಂಬುದನ್ನು ಅವರು ಚಪ್ಪಲಿ ಬಿಡುವಷ್ಟರಲ್ಲಿ ಹೇಳಿಬಿಡುತ್ತಿದ್ದಳು. ಆರಿಸುವವರಿಗೆ ಸೀರೆ ತೋರಿಸು, ಮೂಗು ಮುರಿಯುವವರಿಗೆ ಚಹಾ ತರಿಸು. ಹೊಸದಾಗಿ ಬಂದ ಹುಡುಗಿಯರಿಗೆ ಆಕೆ ಕಲಿಸುತ್ತಿದ್ದ ಮೊದಲ ಪಾಠ ಇದೇ. ಈ ವಿದ್ಯೆ ಕಲಿಯಲು ಆಕೆ ಯಾವ ಕ್ಲಾಸಿಗೂ ಹೋದವಳಲ್ಲ.

ಇಪ್ಪತ್ತೆರಡು ವರ್ಷಗಳಿಂದ ಅದೇ ಮಹಡಿ, ಅದೇ ಇಳಕಲ್ಲ ಸೀರೆಗಳ ಕಪಾಟು; ಈಗ ಆ ಮಹಡಿಗೆ ಆಕೆಯೇ ಮುಖ್ಯಸ್ಥೆ. ಮನೆ ಗಬ್ಬೂರಿನಲ್ಲಿ, ಬೈಪಾಸಿನ ಪಕ್ಕ ಎರಡು ಖೋಲಿ ಬಾಡಿಗೆಗೆ. ಮಗಳು ಸೃಷ್ಟಿ ಧಾರವಾಡದ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದಳು. ಗಂಡ ಲಾರಿ ಡ್ರೈವರು. ಯಾರಾದರೂ ವಿಚಾರಿಸಿದರೆ, “ಗುಜರಾತ ಟ್ರಿಪ್ಪಿಗೆ ಹೋಗ್ಯಾರ್ರಿ” ಎನ್ನುತ್ತಿದ್ದಳು. ಆ ಟ್ರಿಪ್ಪು ಶುರುವಾಗಿ ಹತ್ತೊಂಬತ್ತು ವರ್ಷಗಳಾಗಿದ್ದವು. ಸೊಲ್ಲಾಪುರದಲ್ಲಿ ಆತನಿಗೆ ಬೇರೆ ಸಂಸಾರವಿತ್ತು, ಇಬ್ಬರು ಗಂಡುಮಕ್ಕಳಿದ್ದರು. ಇದು ತನಗೊಬ್ಬಳಿಗೇ ಗೊತ್ತಿರುವ ಸಂಗತಿ ಎಂದು ಜಯಕ್ಕ ನಂಬಿದ್ದಳು.

ಆತ ಬಿಟ್ಟು ಹೋದ ಮೇಲೆ ಎರಡು ತಿಂಗಳು ಆಕೆ ಗಿರಾಕಿಗಳೆದುರು ಸೀರೆ ಹರವಿ ಕಲ್ಲಿನಂತೆ ನಿಂತುಬಿಡುತ್ತಿದ್ದಳು. ಬಣ್ಣ ಕೇಳಿದರೆ ಬೆಲೆ ಹೇಳುವಳು, ಬೆಲೆ ಕೇಳಿದರೆ ಕಣ್ಣು ಒರೆಸಿಕೊಳ್ಳುವಳು. ಆ ಅಂಗಡಿಯಲ್ಲಿ ಬಿಲ್ಲಿನ ಮೂಲೆಗೆ ಸೀರೆ ಮಾರಿದವರ ನಂಬರು ಬರೆಯುತ್ತಾರೆ. ಸತತ ಎರಡು ತಿಂಗಳು ಮಾರಾಟದ ಪಟ್ಟಿಯಲ್ಲಿ ಯಾರ ನಂಬರು ಕೆಳಗೆ ಬೀಳುತ್ತದೋ ಅವರಿಗೆ ಮನೆಯ ದಾರಿ. ಜಯಕ್ಕನ ಕಥೆ ಅಂದೇ ಮುಗಿಯಬೇಕಿತ್ತು. ಆದರೆ ಎರಡನೇ ತಿಂಗಳ ಕೊನೆಗೆ ನೋಡಿದರೆ ಆಕೆಯ ನಂಬರು ನಡುವಿನಲ್ಲಿತ್ತು. ಪಕ್ಕದ ಕಪಾಟಿನ ಕಮರುದ್ದೀನ ದಿನಕ್ಕೆ ಎರಡು ಮೂರು ಬಿಲ್ಲಿಗೆ ತನ್ನ ನಂಬರಿನ ಬದಲು ಆಕೆಯದನ್ನು ಹಾಕಿದ್ದ. ಆಕೆ ಕೇಳಿದಾಗ ಆತ ಸೀರೆ ಮಡಚುತ್ತಲೇ ಉತ್ತರ ಕೊಟ್ಟ.

“ನನಗ ಇವತ್ತ ಬೋಣಿಗಿ ಆಗೇತಿ. ನಿಂದು ಆಗಿಲ್ಲ. ಸುಮ್ಮನಿರವ್ವಾ.”

ಅಲ್ಲಿಂದ ಎರಡನೇ ಮಹಡಿಗೆ ಅದೊಂದು ರೂಢಿಯಾಯಿತು. ಮಧ್ಯಾಹ್ನ ಮೂರರ ಚಹಾದ ಹೊತ್ತಿಗೂ ಯಾರಿಗೆ ಬೋಣಿಗೆಯಾಗಿಲ್ಲವೋ, ಆಮೇಲಿನ ಮೊದಲ ಬಿಲ್ಲು ಅವರ ನಂಬರಿಗೆ. ಯಾರೂ ಬೇಡುವುದಿಲ್ಲ, ಯಾರೂ ಕೊಟ್ಟೆನೆಂದು ಆಡಿ ತೋರಿಸುವುದಿಲ್ಲ. ಇವತ್ತು ಪಡೆದವರು ನಾಳೆ ಕೊಡುತ್ತಾರೆ. ಮೊದಲನೇ ಮತ್ತು ಮೂರನೇ ಮಹಡಿಗಳಲ್ಲಿ ದೀಪಾವಳಿಯಿಂದ ದೀಪಾವಳಿಗೆ ಮುಖಗಳು ಬದಲಾಗುತ್ತಿದ್ದವು. ಎರಡನೆಯದರಲ್ಲಿ ಹತ್ತೊಂಬತ್ತು ವರ್ಷಗಳಲ್ಲಿ ಒಬ್ಬರನ್ನೂ ಮನೆಗೆ ಕಳಿಸಿರಲಿಲ್ಲ. ಗಿರಾಕಿಗಳ ಸೆರಗು ಹಿಡಿದು ಒಬ್ಬರಿಂದ ಒಬ್ಬರು ಕಸಿಯುವ ಜಗಳವಿಲ್ಲದ್ದರಿಂದ ವ್ಯಾಪಾರವೂ ಅಲ್ಲೇ ಹೆಚ್ಚು. ಮಾಲೀಕ ಗುರುಶಿದ್ದಪ್ಪನವರಿಗೆ ಇದರ ವಾಸನೆ ಬಡಿದಿತ್ತೋ ಇಲ್ಲವೋ, ಅವರಂತೂ ಕೆದಕಲಿಲ್ಲ. ಹಳೆಯ ವ್ಯಾಪಾರಸ್ಥರಿಗೆ ಯಾವುದನ್ನು ನೋಡಬಾರದೆಂಬುದೂ ಗೊತ್ತಿರುತ್ತದೆ.

ಈಗ ಕಮರುದ್ದೀನನಿಗೆ ಐವತ್ತೆಂಟು. ಮೊಣಕಾಲು ಹೋಗಿದ್ದವು, ಸ್ಟೂಲು ಹತ್ತಿ ಮೇಲಿನ ಕಪಾಟಿನ ಸೀರೆ ತೆಗೆಯುವುದು ಆಗುತ್ತಿರಲಿಲ್ಲ. ಹರೆಯದ ಗಿರಾಕಿಗಳು ಹೊಸದಾಗಿ ಸೇರಿದ ಹುಡುಗಿಯರ ಹತ್ತಿರವೇ ಹೋಗಿ ನಿಲ್ಲುತ್ತಿದ್ದರು. ಆದರೆ ಅಣ್ಣಿಗೇರಿ, ನವಲಗುಂದದ ಕಡೆಯ ಹಳ್ಳಿಯ ಅಜ್ಜಿಯರು ಮೆಟ್ಟಿಲು ಹತ್ತುತ್ತಲೇ “ಕಮರುದ್ದೀನ ಎಲ್ಲದಾನ?” ಎಂದು ಕೂಗುವುದು ತಪ್ಪಿರಲಿಲ್ಲ. ಸೆರಗನ್ನು ಎರಡು ಬೆರಳ ನಡುವೆ ತಿಕ್ಕಿ, ಇದು ಕೈಮಗ್ಗದ್ದು, ಇದು ಯಂತ್ರದ್ದು ಎಂದು ಆತ ಹೇಳಿದರೆ ಅದಕ್ಕೆ ಮೇಲ್ಮಾತಿರಲಿಲ್ಲ. ಕಳೆದೊಂದು ವರ್ಷದಿಂದ ಆತನ ನಂಬರನ್ನು ಉಳಿದ ಹತ್ತು ಜನ ಎತ್ತಿ ಹಿಡಿದಿದ್ದರು. ಅರವತ್ತು ತುಂಬಿದವರನ್ನು ಶಾಲು ಹೊದಿಸಿ, ಕೈಗೊಂದು ಗಂಟು ಕೊಟ್ಟು ಕಳಿಸುವುದು ಅಂಗಡಿಯ ಪದ್ಧತಿ. ಕಮರುದ್ದೀನ ಕಾಕಾ ಇನ್ನೆರಡು ವರ್ಷ ದಾಟಿಸಿದರೆ ಮರ್ಯಾದೆಯಿಂದ ಮನೆಗೆ ಹೋಗುತ್ತಾರೆ ಎಂಬುದು ಜಯಕ್ಕನ ಲೆಕ್ಕವಾಗಿತ್ತು, ಹರಕೆಯೂ ಆಗಿತ್ತು.

ಗುರುಶಿದ್ದಪ್ಪನವರು ಗಲ್ಲಾ ಬಿಟ್ಟು ಅಲ್ಲಿ ಮಗ ಶಶಿಕಾಂತ ಕುಳಿತ ವರ್ಷವೇ ಸಿಬ್ಬಂದಿಯನ್ನು ತಿದ್ದುವ ಕೋಚ್ ಬಂದದ್ದು. ಶಶಿಕಾಂತ ಯಾವುದೋ ಹೋಟೆಲಿನಲ್ಲಿ ಎರಡು ದಿನದ ಶಿಬಿರಕ್ಕೆ ಹೋಗಿ ಬಂದು, ಸಿಬ್ಬಂದಿಯೊಳಗಿನ ಶಕ್ತಿಯನ್ನು ಹೊರಗೆ ತೆಗೆಯಬೇಕೆಂದು ಹೇಳತೊಡಗಿದ್ದ. ಇವರ ಶಕ್ತಿಯೆಲ್ಲ ದಿನಾ ಹತ್ತು ತಾಸು ನಿಂತು ಹೊರಗೇ ಹೋಗುತ್ತಿತ್ತೆಂದು ಯಾರು ಹೇಳಬೇಕು? ಧಾರವಾಡದಲ್ಲಿ ಹುಡುಗರಿಗೆ ಪರೀಕ್ಷೆ ಕಲಿಸುವ ಕ್ಲಾಸುಗಳ ಸಾಲಿನಲ್ಲೇ ದೊಡ್ಡವರಿಗೆ ಬದುಕು ಕಲಿಸುವ ಕೋಣೆಯೊಂದಿತ್ತು. ಅದರ ಒಡೆಯ ಬಿಂದುಮಾಧವ. ಆತ ಆರು ಬುಧವಾರ ಬಂದು ಮೂರೂ ಮಹಡಿಗಳ ಮುಖ್ಯಸ್ಥರ ಜೊತೆ ಒಬ್ಬೊಬ್ಬರಂತೆ ಕುಳಿತು ಮಾತಾಡುವುದೆಂದು ಗೊತ್ತಾಯಿತು.

ಮೂರನೇ ಮಹಡಿಯಲ್ಲಿ ಸೀರೆ ಉಡಿಸುವ ಮುರಿದ ಗೊಂಬೆಗಳನ್ನು ಇಡುವ ಕೋಣೆಯನ್ನು ಅದಕ್ಕಾಗಿ ಗುಡಿಸಿದರು. ಎರಡು ಕುರ್ಚಿ, ಒಂದು ಟೀಪಾಯಿ, ಮೂಲೆಯಲ್ಲಿ ತಲೆಯಿಲ್ಲದ ಎರಡು ಗೊಂಬೆ. ಬಿಂದುಮಾಧವ ಬಿಳಿ ಅಂಗಿಯ, ತಣ್ಣನೆಯ ದನಿಯ ಮನುಷ್ಯ. ಮೊದಲು ಒಂದು ಇಂಗ್ಲಿಷ್ ಕಾಗದಕ್ಕೆ ಸಹಿ ಮಾಡಿಸಿಕೊಂಡ. ಆಮೇಲೆ ಹೇಳಿದ, “ಇಲ್ಲಿ ಆಡಿದ ಮಾತು ಇಲ್ಲೇ ಉಳೀತದ ಜಯಾ ಅವರ. ಈಗ ಹೇಳ್ರಿ, ನೀವು ಹ್ಯಾಂಗ ಇದ್ದೀರಿ?”

“ಛಲೋ ಅದೀನ್ರಿ ಸರ್.”

ಆತ ತಲೆಯಾಡಿಸಿ ಸುಮ್ಮನೆ ಕುಳಿತ. ಮುಂದಿನ ಪ್ರಶ್ನೆ ಇಲ್ಲ. ಗಡಿಯಾರ ನೋಡಲಿಲ್ಲ, ಫೋನು ಮುಟ್ಟಲಿಲ್ಲ, ಬರೀ ಆಕೆಯನ್ನೇ ನೋಡುತ್ತ ಕುಳಿತ. ಆತನ ಕಸಬೇ ಆ ಮೌನ ಎಂಬುದು ಜಯಕ್ಕನಿಗೆ ಹೇಗೆ ಗೊತ್ತಾಗಬೇಕು? ಬಟ್ಟೆ ಅಂಗಡಿಯಲ್ಲಿ ಗಿರಾಕಿ ಸುಮ್ಮನಾದರೆ ಎದ್ದು ಹೊರಡುತ್ತಾರೆ ಎಂದರ್ಥ. ಅದಕ್ಕೆ ಮೊದಲೇ ಮಾತು ಹಾಕಬೇಕು, ಇನ್ನೊಂದು ಸೀರೆ ಬಿಚ್ಚಬೇಕು. ಇಪ್ಪತ್ತೆರಡು ವರ್ಷ ಮೌನವನ್ನು ತುಂಬಿಸಿಯೇ ಅನ್ನ ತಿಂದ ಹೆಂಗಸು ಅಲ್ಲಿಯೂ ಅದನ್ನೇ ಮಾಡಿದಳು. ಮೊದಲ ವಾರ ಬಸ್ಸಿನ ತ್ರಾಸು ಹೇಳಿದಳು, ಎರಡನೇ ವಾರ ಸೊಂಟನೋವು. ಮೂರನೇ ವಾರ, ಆಕೆಗೂ ಗೊತ್ತಾಗದಂತೆ, ಸೊಲ್ಲಾಪುರ ಬಾಯಿಗೆ ಬಂತು. ಬೆಣ್ಣೆಯೊಳಗಿನ ಕೂದಲು ತೆಗೆದಂತೆ ಆತ ಒಂದೊಂದೇ ಮಾತು ಎಳೆದ. ಹತ್ತೊಂಬತ್ತು ವರ್ಷದ ಅಳುವನ್ನು ಆಕೆ ಆ ತಲೆಯಿಲ್ಲದ ಗೊಂಬೆಗಳ ಮುಂದೆ ಅತ್ತು ಮುಗಿಸಿದಳು. ಆತ ಕಾಗದದ ಕರವಸ್ತ್ರದ ಡಬ್ಬಿ ಮುಂದೆ ಸರಿಸಿ, “ಇಷ್ಟ ವರ್ಷ ಒಬ್ಬರ ಹ್ಯಾಂಗ ಹೊತ್ತೀರಿ ಇದನ್ನ?” ಎಂದ.

ಆ ರಾತ್ರಿ ಜಯಕ್ಕ ಹೊಟ್ಟೆ ತುಂಬ ಉಂಡಳು. ತನ್ನನ್ನೂ ಒಬ್ಬರು ಕೇಳಿದರಲ್ಲ ಎಂಬ ಸಂತೋಷ ಸಣ್ಣದಲ್ಲ. ನಾಲ್ಕನೇ ಬುಧವಾರ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋದಳು. ಮಠದ ಅಜ್ಜನವರ ಹತ್ತಿರ ಬರಿಗೈಯಲ್ಲಿ ಹೋಗಬಾರದು, ಅವರ ಮುಂದೆ ಏನನ್ನೂ ಬಚ್ಚಿಡಬಾರದು ಎಂದು ಆಕೆಯ ಅವ್ವ ಹೇಳಿಕೊಟ್ಟಿದ್ದಳು. ಫೀ ತೆಗೆದುಕೊಳ್ಳುವವನನ್ನು ಆಕೆ ಅದೇ ಮಣೆಯ ಮೇಲೆ ಕೂರಿಸಿದಳು. ಆತ ಎರಡು ಹೋಳಿಗೆ ತಿಂದು ಚೆನ್ನಾಗಿವೆ ಎಂದ.

ಐದನೇ ಬುಧವಾರ ಆತ ಕೇಳಿದ್ದು ಇದು: “ನಿಮ್ಮ ತಂಡದಾಗ ನಿಮಗ ಎಲ್ಲಕ್ಕಿಂತ ಹೆಮ್ಮಿ ಅನಸೂದು ಯಾವದು?”

ಜಯಕ್ಕನ ಮುಖ ಅರಳಿತು. ಹೆಮ್ಮೆ ಕೇಳಿದರೆ ಆಕೆಗೆ ಇದ್ದದ್ದು ಒಂದೇ. ಹೇಳಿದಳು. ಮೂರರ ಚಹಾ, ಬೋಣಿಗೆ, ಬಿಲ್ಲಿನ ಮೂಲೆ, ಎಲ್ಲ.

“ಭಾಳ ಅಪರೂಪದ್ದು,” ಎಂದ ಬಿಂದುಮಾಧವ. “ಒಂದ ಉದಾಹರಣಿ ಕೊಡ್ರಿ.”

“ನಮ್ಮ ಕಮರುದ್ದೀನ ಕಾಕಾನ್ನ ನೋಡ್ರಿ. ಹೋದ ವರ್ಷದಾಗ ಅವರ ನಂಬರಿನ ಬಿಲ್ಲು ಮುಕ್ಕಾಲು ನಮ್ಮವ ಅದಾವ್ರಿ!” ಎಂದು ಆಕೆ ನಕ್ಕಳು. ಆತನೂ ನಕ್ಕ. ನಗುತ್ತಲೇ ಬರೆದುಕೊಂಡ.

ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆದರೆ ಹೆಮ್ಮೆಯಿಂದ ಬಿಟ್ಟ ಬಾಯಿಗೂ ಅದೇ ಗತಿ ಎಂದು ಯಾರೂ ಎಚ್ಚರಿಸಿರಲಿಲ್ಲ.

ಆರನೇ ಬುಧವಾರಕ್ಕೆ ಮೊದಲೇ, ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಶಶಿಕಾಂತ ಆಕೆಯನ್ನು ಕರೆಸಿದ. ಎದ್ದು ನಿಂತು ಕೈಕುಲುಕಿದ.

“ಅಭಿನಂದನೆ ಜಯಕ್ಕಾರ. ಇವತ್ತಿಂದ ಮೂರೂ ಮಹಡಿಗೆ ನೀವ ಮ್ಯಾನೇಜರ್. ಬಿಂದುಮಾಧವ ಸರ್ ನಿಮ್ಮ ಬಗ್ಗೆ ಭಾಳ ಛಲೋ ಬರದಾರ.”

ಜಯಕ್ಕನಿಗೆ ಕಣ್ಣು ತುಂಬಿತು. ಆತ ಒಂದು ಹಾಳೆ ಮುಂದಿಟ್ಟ. ಅಚ್ಚ ಕನ್ನಡದಲ್ಲಿ ಟೈಪು ಮಾಡಿದ್ದ ವರದಿ. ‘ಎರಡನೇ ಮಹಡಿಯ ವೈಯಕ್ತಿಕ ಮಾರಾಟದ ಅಂಕಿಗಳು ನಂಬಲು ಅರ್ಹವಲ್ಲ. ದುರ್ಬಲ ಸಿಬ್ಬಂದಿಯನ್ನು ಉಳಿದವರು ಮರೆಮಾಚುತ್ತಾರೆ. ಸಿಬ್ಬಂದಿ ಸಂಖ್ಯೆ ನಾಲ್ಕರ ಬಿಲ್ಲುಗಳಲ್ಲಿ ಮುಕ್ಕಾಲು ಇತರರವು. ಮಹಡಿಯ ಮುಖ್ಯಸ್ಥೆ ಇದನ್ನು ತಾವಾಗಿಯೇ, ಪ್ರಾಮಾಣಿಕವಾಗಿ ತಿಳಿಸಿದ್ದು, ಹೆಚ್ಚಿನ ಜವಾಬ್ದಾರಿಗೆ ಯೋಗ್ಯರಾಗಿದ್ದಾರೆ.’

ಎರಡು ಸಲ ಓದಿದಳು. ನಾಲ್ಕನೇ ನಂಬರು ಕಮರುದ್ದೀನನದು.

“ಕಾಕಾನ್ನ ಏನ ಮಾಡಿದ್ರಿ?”

“ಹತ್ತು ಗಂಟೆಕ್ಕ ಕರಸಿ ಲೆಕ್ಕಾ ಮುಗಿಸಿದೆ. ಮೊದಲು ಒಪ್ಪಲಿಲ್ಲ ಅಂವಾ. ‘ಜಯಕ್ಕಾರ ಎಲ್ಲಾ ಹೇಳ್ಯಾರ’ ಅಂದೆ. ಆಮ್ಯಾಲೆ ಒಂದ ಮಾತೂ ಆಡದ ಸಹಿ ಮಾಡಿ ಹ್ವಾದ.”

ಜಯಕ್ಕ ಬೇಡಿಕೊಂಡಳು. ತನ್ನ ಬಡ್ತಿ ಬೇಡ, ಕಾಕಾನನ್ನು ವಾಪಸು ಕರೆಸಿರಿ, ಎರಡೇ ವರ್ಷ, ತನ್ನ ಪಗಾರದಲ್ಲಿ ಮುರಿದುಕೊಳ್ಳಿರಿ ಎಂದಳು. ಶಶಿಕಾಂತ ಸಮಾಧಾನದಿಂದಲೇ ಕೇಳಿಸಿಕೊಂಡ. “ನೀವು ಭಾವನಾತ್ಮಕ ಆಗಾಕತ್ತೀರಿ. ಅದೂ ವರದಿಯೊಳಗ ಐತಿ, ನಿಮ್ಮ ಸುಧಾರಣೆ ಆಗಬೇಕಾದ ಜಾಗಾ ಅಂತ,” ಎಂದ.

ಕೆಳಗಿಳಿದಾಗ ಎರಡನೇ ಮಹಡಿಯಲ್ಲಿ ಮಡಚಿದ ಸೀರೆಗಳನ್ನೇ ಬಿಚ್ಚಿ ಮಡಚುತ್ತಿದ್ದರು. ಯಾರೂ ತಲೆ ಎತ್ತಲಿಲ್ಲ. ಬೈದಿದ್ದರೆ ಆಕೆ ಅತ್ತು ಹಗುರಾಗುತ್ತಿದ್ದಳು. ಯಾರೂ ಅಷ್ಟು ಉಪಕಾರವನ್ನೂ ಮಾಡಲಿಲ್ಲ. ಮೂರಕ್ಕೆ ಚಹಾ ಬಂತು, ಹಂಚಿಕೊಂಡರು. ಆಕೆಯ ಲೋಟವನ್ನು ಪ್ರತ್ಯೇಕವಾಗಿ, ತಟ್ಟೆಯ ಮೇಲಿಟ್ಟು, ಸಾಹೇಬರಿಗೆ ಕೊಡುವಂತೆ ಒಬ್ಬಳು ತಂದಿಟ್ಟು ಹೋದಳು.

ಮರುದಿನ ರಜೆ ಹಾಕಿ ಧಾರವಾಡದ ಬಸ್ಸು ಹಿಡಿದಳು. ಬಿಂದುಮಾಧವನ ಕೋಣೆಯಲ್ಲಿ ಗೋಡೆಯ ತುಂಬ ಪ್ರಮಾಣಪತ್ರಗಳು. ಆಕೆ ಕೂರಲಿಲ್ಲ.

“ಇಲ್ಲಿ ಆಡಿದ್ದು ಇಲ್ಲೇ ಉಳೀತದ ಅಂದಿದ್ರಿ. ನಂಬಿಸಿ ಕುತ್ತಿಗಿ ಕೊಯ್ದ್ರಲ್ರಿ ಸರ್?”

ಆ ಮನುಷ್ಯನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ಅದೇ ನೋಡಿ ಹೊಟ್ಟೆ ಉರಿಯುವ ಸಂಗತಿ. ಕಳ್ಳನಾಗಿದ್ದರೆ ಮುಖ ತಪ್ಪಿಸುತ್ತಿದ್ದ. ಈತ ನೇರವಾಗಿ ನೋಡುತ್ತಲೇ ಉತ್ತರ ಕೊಟ್ಟ.

“ಜಯಾ ಅವರ, ನಿಮ್ಮ ಯಜಮಾನರ ವಿಷಯ, ಮನಿ ವಿಷಯ, ಒಂದಕ್ಷರ ನನ್ನ ಬಾಯಿಂದ ಹೊರಗ ಬಿದ್ದಿಲ್ಲ. ಆಣಿ ಮಾಡಿ ಹೇಳ್ತೀನಿ. ಇದು ತಂಡದ ವಿಷಯ. ಫೀ ಕೊಡೋರು ಅವರು, ವರದಿ ಅವರಿಗೆ ಕೊಡಬೇಕು. ಮೊದಲನೇ ದಿನಾ ನೀವು ಸಹಿ ಮಾಡಿದ ಕಾಗದದಾಗ ಅದ. ಮತ್ತ ನಿಮಗ ಬಡ್ತಿ ಸಿಗೋ ಹಾಂಗ ಬರದೀನಲ್ಲ?”

“ನನ್ನ ಗಂಡ ಬಿಟ್ಟು ಹೋಗಿದ್ದನ್ನ ಹುಬ್ಬಳ್ಳಿ ತುಂಬ ಡಂಗುರಾ ಹೊಡಸಬೇಕಿತ್ರಿ,” ಎಂದಳು ಜಯಕ್ಕ. “ಅದು ನಂದು. ಎಲ್ಲಾರೂ ನಗತಿದ್ರು, ನಾ ತಡಕೋತಿದ್ದೆ. ಇದು ನಂದಲ್ರಿ. ನಂದಲ್ಲದ್ದನ್ನ ನಾ ನಿಮ್ಮ ಕೈಯಾಗ ಇಟ್ಟೆ, ನೀವು ಮಾರಕೊಂಡ್ರಿ.”

ಆತ ಮತ್ತೆ ತನ್ನ ಮೌನ ಹೂಡಿದ. ಈ ಸಲ ಆಕೆ ಅದನ್ನು ತುಂಬಿಸಲಿಲ್ಲ. ಎದ್ದು ಹೊರಟ ಗಿರಾಕಿಯಂತೆ ಮೆಟ್ಟಿಲಿಳಿದಳು.

ಭಾನುವಾರ ಮಧ್ಯಾಹ್ನ ಹಳೇ ಹುಬ್ಬಳ್ಳಿಯಲ್ಲಿ ಕಮರುದ್ದೀನನ ಮನೆ ಹುಡುಕಿಕೊಂಡು ಹೋದಳು. ಹಿಂದೆ ರಮಜಾನಿಗೆ ಹೋಗಿ ಶೀರಕುರಮಾ ಕುಡಿದು ಬಂದ ಮನೆಯೇ. ಬಾಗಿಲಲ್ಲಿ ಆಕೆಯನ್ನು ಕಂಡು ಕಮರುದ್ದೀನ ಕುರ್ಚಿ ಒರೆಸಿದ.

“ಬರ್ರಿ ಮೇಡಂ. ಕುಂದರ್ರಿ.”

ಹತ್ತೊಂಬತ್ತು ವರ್ಷ ‘ನೀ, ಜಯವ್ವಾ’ ಎಂದ ಬಾಯಿ ಅದು. ಆತನ ಹೆಂಡತಿ ಫಿರದೋಸ ಚಹಾ ತಂದಿಟ್ಟು, ಎಂದಿನಂತೆ ಪಕ್ಕದಲ್ಲಿ ಕೂರದೆ ಒಳಗೆ ಹೋದಳು.

ಜಯಕ್ಕ ಎಲ್ಲವನ್ನೂ ಹೇಳಿದಳು. ಗೊಂಬೆಗಳ ಕೋಣೆ, ಆ ಮನುಷ್ಯ ಕೊಟ್ಟ ಮಾತು, ವರದಿ, ಧಾರವಾಡ, ಒಂದನ್ನೂ ಬಿಡಲಿಲ್ಲ. ಕಮರುದ್ದೀನ ಮೊಣಕಾಲು ನೀವಿಕೊಳ್ಳುತ್ತ ಕೇಳಿದ.

“ನೀವು ಸುಳ್ಳ ಹೇಳಾಕತ್ತೀರಿ ಅಂತ ನಾ ಅನ್ನೂದಿಲ್ರಿ,” ಎಂದ ಕೊನೆಗೆ. “ಆದರ ಅಂವಗ ಯಾಕ ಹೇಳಿದ್ರಿ?”

“ಕೇಳಿದ್ರು ಕಾಕಾ.” ಆಕೆಗೆ ಅಳು ತಡೆಯಲಾಗಲಿಲ್ಲ. “ಇಷ್ಟ ವರ್ಷದಾಗ ಹೆಂಗದಿ ಅಂತ ನನ್ನ ಯಾರೂ ಕೇಳಿರಲಿಲ್ಲ. ಅಂವಾ ಕೇಳಿದಾ. ಬಾಯಿ ತಡೀಲಿಲ್ಲ.”

ಕಮರುದ್ದೀನ ಚಹಾದ ಬಟ್ಟಲು ಕೆಳಗಿಟ್ಟ.

“ನಾನೂ ಕೇಳಿಲ್ಲ, ಖರೇ,” ಎಂದ. “ನಿಮ್ಮ ಯಜಮಾನ್ರು ಗುಜರಾತಿಂದ ಯಾವಾಗ ಬರ್ತಾರಂತ ಹತ್ತೊಂಬತ್ತು ವರ್ಷದಾಗ ನಾವು ಹತ್ತು ಮಂದಿಯೊಳಗ ಒಬ್ಬರೂ ಕೇಳಿಲ್ಲ. ಗೊತ್ತಿರಲಿಲ್ಲ ಅಂತ ಅಲ್ರಿ. ನನ್ನ ಭಾವ ಸೊಲ್ಲಾಪುರದಾಗ ಅದಾನ.”

ತನ್ನನ್ನು ಕೇಳದವರೆಲ್ಲ ತನಗೆ ಮಾಡಿದ್ದೇನು, ಕೇಳಿದವನೊಬ್ಬ ಮಾಡಿದ್ದೇನು ಎಂಬುದು ಆ ಹೊತ್ತು ಜಯಕ್ಕನಿಗೆ ಸ್ಪಷ್ಟವಾಗಿ ಕಂಡಿತು. ಮೋಸ ಹೋದೆನೆಂದು ಹೇಳಿಕೊಳ್ಳಲು ಬಂದವಳಿಗೆ ತಾನೇ ಮಾಡಿದ ಮೋಸವೂ ಅದರ ಪಕ್ಕದಲ್ಲೇ ಕಂಡಿತು. ಮನೆಗೆ ಹೊರಟಾಗ ಕಮರುದ್ದೀನ ಬಾಗಿಲವರೆಗೂ ಬಂದು, “ಹುಷಾರ ಹೋಗ್ರಿ” ಎಂದ. ಬರುತ್ತಿರು ಎನ್ನಲಿಲ್ಲ.

ನೌಕರಿ ಬಿಟ್ಟು ಮುಖಕ್ಕೆ ಎಸೆಯಬೇಕಿತ್ತು ಎನ್ನುವವರು ಅನ್ನಲಿ. ಹಾಸ್ಟೆಲಿನಲ್ಲಿ ಮಗಳನ್ನಿಟ್ಟು ಓದಿಸುವವರಿಗೆ ಮುಖದ ಮೇಲೆ ಎಸೆಯುವಂಥ ನೌಕರಿ ಇರುವುದಿಲ್ಲ. ಜಯಕ್ಕ ಗಾಜಿನ ಕ್ಯಾಬಿನ್ನಿಗೆ ಹೋಗಿ ಕುಳಿತಳು. ಬಿಲ್ಲಿನ ಮೂಲೆಯ ನಂಬರು ಈಗ ಯಂತ್ರವೇ ಹಾಕುತ್ತಿತ್ತು, ಬೆರಳು ಒತ್ತಿದವರದ್ದು ಮಾತ್ರ. ಎರಡೇ ತಿಂಗಳಲ್ಲಿ ಎರಡನೇ ಮಹಡಿಯಲ್ಲೂ ಗಿರಾಕಿಗಳ ಸೆರಗು ಎಳೆಯುವುದು ಶುರುವಾಯಿತು. ಅಣ್ಣಿಗೇರಿಯ ಅಜ್ಜಿಯರು ಮೆಟ್ಟಿಲ ಮೇಲೆ ಕೂಗಿ, ಉತ್ತರ ಸಿಗದೆ ಇಳಿದು ಹೋದರು.

ಮ್ಯಾನೇಜರಿಗೆ ಒಂದು ಹೊಸ ಕೆಲಸವಿತ್ತು. ತಿಂಗಳಿಗೊಮ್ಮೆ ಸಿಬ್ಬಂದಿಯನ್ನು ಒಬ್ಬೊಬ್ಬರಂತೆ ಕೂರಿಸಿಕೊಂಡು ಮಾತಾಡಿಸಿ, ಬಿಂದುಮಾಧವ ತಯಾರಿಸಿ ಕೊಟ್ಟ ಫಾರ್ಮು ತುಂಬಿ ಶಶಿಕಾಂತನಿಗೆ ಕೊಡಬೇಕು. ಮೊದಲ ದಿನ ಮೊದಲು ಬಂದವಳು ಪೂನಮ್. ಇಪ್ಪತ್ತರ ಹುಡುಗಿ, ಸೇರಿ ನಾಲ್ಕು ತಿಂಗಳು, ನಂಬರು ಕೆಳಗೆ ಬಿದ್ದಿತ್ತು. ಕಣ್ಣು ಬಾತಿದ್ದವು. ಅಂಗಡಿಯಲ್ಲೋ ಮನೆಯಲ್ಲೋ ಏನೋ ಆಗಿದೆಯೆಂದು ನೋಡಿದರೇ ತಿಳಿಯುತ್ತಿತ್ತು.

ಜಯಕ್ಕ ಫಾರ್ಮಿನ ಮೊದಲ ಪ್ರಶ್ನೆ ಓದಿದಳು. ‘ಈ ತಿಂಗಳು ನಿಮ್ಮ ಕೆಲಸಕ್ಕೆ ಅಡ್ಡಿಯಾದ ಸಂಗತಿಗಳು ಯಾವುವು?’ ಪೂನಮ್ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

“ಖರೇ ಹೇಳಬೇಕಂದ್ರ ಅಕ್ಕಾರ, ನಮ್ಮ ಮನ್ಯಾಗ…”

“ಹೇಳಬ್ಯಾಡ.”

ಪೂನಮ್ ಬೆಚ್ಚಿ ನೋಡಿದಳು. ಜಯಕ್ಕನ ಕೈ ಫಾರ್ಮಿನ ಮೇಲಿತ್ತು.

“ಈ ಖೋಲ್ಯಾಗ ಏನೂ ಹೇಳಬ್ಯಾಡ. ಯಾರ ಕೇಳಿದ್ರೂ ಹೇಳಬ್ಯಾಡ, ನಾ ಕೇಳಿದ್ರೂ ಹೇಳಬ್ಯಾಡ. ಎಲ್ಲಾ ಛಲೋ ಐತಿ ಅನ್ನು. ತಿಳೀತಿಲ್ಲೋ? ಎದ್ದು ನಡಿ.”

ಫಾರ್ಮಿನಲ್ಲಿ ‘ಯಾವ ತೊಂದರೆಯೂ ಇಲ್ಲ’ ಎಂದು ಬರೆದು ಸಹಿ ಹಾಕಿದಳು. ಹುಡುಗಿ ಕಣ್ಣು ಒರೆಸಿಕೊಂಡು ಹೊರಗೆ ಹೋದಳು. ಸರದಿಗೆ ನಿಂತಿದ್ದವರು ಏನಾಯಿತೆಂದು ಮುತ್ತಿಕೊಂಡರು. ಗಾಜಿನ ಬಾಗಿಲು ಪೂರ್ತಿ ಮುಚ್ಚಿರಲಿಲ್ಲವಾದ್ದರಿಂದ ಪೂನಮ್ ಹೇಳಿದ್ದು ಒಳಗೂ ಕೇಳಿಸಿತು.

“ನಮ್ಮ ತ್ರಾಸು ಕೇಳಾಕ ಈಗ ಮೇಡಂಗ ಟೈಮಿಲ್ಲಂತ.”